ಪಟ್ಟಿಯಲ್ಲಿಲ್ಲದ ಯಂತ್ರ: ಜೆಪಿಎಲ್ ನುಸುಳಿಕೆ ಮತ್ತು ಎಷ್ಟು ಹೇಳಬೇಕೆಂಬ ತಕರಾರು

ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯು 2019ರ ಜೂನ್ 18ರಂದು ಒಂದು ಪರಿಶೋಧನಾ ವರದಿಯನ್ನು ಹೊರಡಿಸಿತು. 40ಕ್ಕೂ ಹೆಚ್ಚು ಪುಟಗಳ ಈ ವರದಿಯನ್ನು ಯಾರು ಬೇಕಾದರೂ ಓದಬಹುದು. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿರುವ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ, ಅಂದರೆ ಜೆಪಿಎಲ್‌ನ, ಕಂಪ್ಯೂಟರ್ ಜಾಲದೊಳಗೆ ಹೊರಗಿನವರು ನುಸುಳಿ ಸುಮಾರು 10 ತಿಂಗಳು ಯಾರ ಕಣ್ಣಿಗೂ ಬೀಳದೆ ಓಡಾಡಿಕೊಂಡಿದ್ದರು ಎಂದು ಅದರಲ್ಲಿ ಬರೆದಿದೆ. ಅವರು ಒಳಬಂದ ದಾರಿ ಎಟಿಎಂ ಕಾರ್ಡಿನಷ್ಟು ಅಗಲದ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರು. ಆ ಯಂತ್ರವನ್ನು ಜಾಲಕ್ಕೆ ಜೋಡಿಸಲು ಯಾರೂ ಅನುಮತಿ ಕೊಟ್ಟಿರಲಿಲ್ಲ.

ಈ ಪ್ರಕರಣವನ್ನು ಕನ್ನಡದಲ್ಲಿ ಬಿಡಿಸಿ ಬರೆಯಬೇಕೆನ್ನಿಸಿದ್ದಕ್ಕೆ ಎರಡು ಕಾರಣಗಳಿವೆ. ಜೆಪಿಎಲ್ ನಮಗೆ ದೂರದ ಹೆಸರಾಗಿ ಉಳಿದಿಲ್ಲ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಮೇಲೇರಿದ, ಭೂಮಿಯ ಮೇಲ್ಮೈಯನ್ನು ರೇಡಾರಿನಿಂದ ಅಳೆಯುವ ನಿಸಾರ್ ಉಪಗ್ರಹದಲ್ಲಿ ಒಂದು ರೇಡಾರನ್ನು ಜೆಪಿಎಲ್, ಇನ್ನೊಂದನ್ನು ಇಸ್ರೋ ಕಟ್ಟಿದೆ. ಅಲ್ಲಿನ ಜಾಲದ ಗಟ್ಟಿತನಕ್ಕೂ ನಮ್ಮ ಹೊಲ, ಹಿಮನದಿ, ಭೂಕುಸಿತಗಳ ಅಳತೆಗೂ ಈಗ ನಂಟಿದೆ. ಎರಡನೆಯ ಕಾರಣ ಖಾಸಗಿಯಾದದ್ದು. ಮುಂಬಯಿಯಲ್ಲಿ ಕಚೇರಿಗಳ ಕಂಪ್ಯೂಟರ್ ಭದ್ರತೆಯನ್ನು ಪರಿಶೋಧಿಸುವುದು ನನ್ನ ಹೊಟ್ಟೆಪಾಡು. ನನ್ನ ಸೋದರಮಾವ ಟ್ರಾಂಬೆ ಕಡೆಯ ಒಂದು ಸರ್ಕಾರಿ ಸಂಸ್ಥೆಯ ಸ್ಟೋರ್ಸ್ ವಿಭಾಗದಲ್ಲಿ 31 ವರ್ಷ ದುಡಿದು ನಿವೃತ್ತರಾಗಿ ಚೆಂಬೂರಿನಲ್ಲಿದ್ದಾರೆ. ಭಾನುವಾರದ ಸಂಜೆಗಳಲ್ಲಿ ಅವರ ಬಾಲ್ಕನಿಯಲ್ಲಿ ಕೂತು ಈ ವರದಿಯ ಮೇಲೆ ನಾವಿಬ್ಬರೂ ಜಗಳಾಡಿದ್ದು ಅಷ್ಟಿಷ್ಟಲ್ಲ. ಕೆಳಗೆ ಬರೆದಿರುವುದರ ಅರ್ಧ ಪಾಲು ಆ ಜಗಳದಿಂದ ಬಂದದ್ದು.

ನಡೆದದ್ದೇನು

ಜೆಪಿಎಲ್ ನಾಸಾದ್ದಾದರೂ ಅದನ್ನು ನಡೆಸುವುದು ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ. ಮಂಗಳನ ಮೇಲಿನ ಕ್ಯೂರಿಯಾಸಿಟಿ ವಾಹನವನ್ನು ನಡೆಸುವವರು ಅಲ್ಲಿನವರೇ. ಗೋಲ್ಡ್‌ಸ್ಟೋನ್, ಮ್ಯಾಡ್ರಿಡ್ ಮತ್ತು ಕ್ಯಾನ್‌ಬೆರಾಗಳಲ್ಲಿ ದೈತ್ಯ ಆಂಟೆನಾಗಳನ್ನಿಟ್ಟುಕೊಂಡು ದೂರದ ನೌಕೆಗಳೊಡನೆ ಮಾತಾಡುವ ಡೀಪ್ ಸ್ಪೇಸ್ ನೆಟ್‌ವರ್ಕ್‌ನ ಆಡಳಿತವೂ ಅವರದೇ. ಇಂಥ ಕೆಲಸಕ್ಕೆ ಬೇರೆ ವಿಶ್ವವಿದ್ಯಾಲಯಗಳ, ಗುತ್ತಿಗೆದಾರರ, ಹೊರದೇಶದ ಸಂಸ್ಥೆಗಳ ಜನ ಜಾಲದೊಳಕ್ಕೆ ಬಂದುಹೋಗಲೇಬೇಕಾಗುತ್ತದೆ. ಅವರಿಗಾಗಿ ಒಂದು ಹೆಬ್ಬಾಗಿಲನ್ನು ಮಾಡಿಡಲಾಗಿತ್ತು. ಒಳಬಂದವರನ್ನು ಅವರವರ ಕೋಣೆಯಲ್ಲೇ ನಿಲ್ಲಿಸುವ ಒಳಗೋಡೆಗಳು ಮಾತ್ರ ಸರಿಯಾಗಿರಲಿಲ್ಲ. ಹೀಗಾಗಿ ಒಂದು ಮೂಲೆಯಲ್ಲಿ ಕಾಲಿಟ್ಟವನಿಗೆ ಉಳಿದ ಮೂಲೆಗಳ ದಾರಿಯೂ ತೆರೆದೇ ಇತ್ತು.

2018ರ ಏಪ್ರಿಲ್‌ನಲ್ಲಿ ಹೊರಗಿನ ಬಳಕೆದಾರರೊಬ್ಬರ ಖಾತೆಯನ್ನು ಬೇರೆ ಯಾರೋ ಬಳಸುತ್ತಿರುವುದು ಜೆಪಿಎಲ್‌ನ ಗಮನಕ್ಕೆ ಬಂತು. ಅಷ್ಟರಲ್ಲಿ ಒಂದು ಪ್ರಮುಖ ಯೋಜನೆಯ ವ್ಯವಸ್ಥೆಯಿಂದ ಸುಮಾರು 500 ಮೆಗಾಬೈಟ್ ಮಾಹಿತಿ ಹೊರಹೋಗಿತ್ತು. ಇಂದಿನ ಲೆಕ್ಕದಲ್ಲಿ ಅದು ಮದುವೆಯ ವಿಡಿಯೊ ಒಂದರ ತುಣುಕಿನಷ್ಟೂ ಅಲ್ಲ. ಆದರೆ ಆ 23 ಕಡತಗಳಲ್ಲಿ ಎರಡು, ಕ್ಯೂರಿಯಾಸಿಟಿಯನ್ನು ಒಯ್ದ ಮಾರ್ಸ್ ಸೈನ್ಸ್ ಲ್ಯಾಬೊರೇಟರಿ ಯೋಜನೆಗೆ ಸಂಬಂಧಿಸಿದ್ದವು. ಅಮೆರಿಕದ ಶಸ್ತ್ರಾಸ್ತ್ರ ರಫ್ತು ನಿಯಮಗಳ ಪ್ರಕಾರ ದೇಶದಾಚೆ ಹೋಗಬಾರದಾದ ಮಾಹಿತಿ ಅವುಗಳಲ್ಲಿತ್ತು. ಮರು ತಿಂಗಳು, ಮಾನವಸಹಿತ ಯಾನಗಳನ್ನು ನೋಡಿಕೊಳ್ಳುವ ಹ್ಯೂಸ್ಟನ್ನಿನ ಜಾನ್ಸನ್ ಬಾಹ್ಯಾಕಾಶ ಕೇಂದ್ರವು ಆ ಹೆಬ್ಬಾಗಿಲಿನಿಂದ ತನ್ನ ವ್ಯವಸ್ಥೆಗಳನ್ನು ಬಿಡಿಸಿಕೊಂಡಿತು. ನುಸುಳುಕೋರರು ಅಲ್ಲಿಂದ ಮುಂದೆ ಸಾಗಿ, ಮನುಷ್ಯರನ್ನು ಹೊತ್ತ ನೌಕೆಗಳ ವ್ಯವಸ್ಥೆಗಳನ್ನೇ ತಲುಪಿ ಸುಳ್ಳು ಸಂಕೇತಗಳನ್ನು ಕಳಿಸಿಯಾರು ಎಂಬುದು ಅವರ ಅಂಜಿಕೆ. ಮನೆಯವರೇ ಮನೆಯವರ ಬಾಗಿಲು ಮುಚ್ಚಿದ ಈ ಸಂಗತಿಯೇ, ನನ್ನ ಲೆಕ್ಕದಲ್ಲಿ, ಇಡೀ ವರದಿಯ ಅತಿ ಗಂಭೀರವಾದ ಮಾತು. ವರ್ಷದ ಮೇಲೆ ವರದಿ ಬರುವ ಹೊತ್ತಿಗೂ ಆ ಸಂಪರ್ಕ ಪೂರ್ತಿಯಾಗಿ ಮೊದಲಿನಂತಾಗಿರಲಿಲ್ಲ.

ನುಸುಳಿದವರು ಯಾರೆಂದು ವರದಿ ಹೇಳುವುದಿಲ್ಲ. ಆಗಿನ್ನೂ ತನಿಖೆ ನಡೆಯುತ್ತಿತ್ತು. 2018ರ ಡಿಸೆಂಬರಿನಲ್ಲಿ ಅಮೆರಿಕದ ನ್ಯಾಯ ಇಲಾಖೆ ಇಬ್ಬರು ಚೀನೀ ಪ್ರಜೆಗಳ ಮೇಲೆ ಹೊರಿಸಿದ ಆರೋಪಪಟ್ಟಿಯಲ್ಲಿ ಜೆಪಿಎಲ್‌ನ ಹೆಸರೂ ಇದ್ದುದರಿಂದ ಕೆಲವರು ಎರಡನ್ನೂ ಗಂಟುಹಾಕಿದರು. ವರದಿ ಹಾಕದ ಗಂಟನ್ನು ನಾನೂ ಹಾಕುವುದಿಲ್ಲ.

ಪಟ್ಟಿಯ ಕಥೆ

ನನ್ನನ್ನು ಹಿಡಿದು ನಿಲ್ಲಿಸಿದ್ದು ಕಳ್ಳತನಕ್ಕಿಂತ ಹೆಚ್ಚಾಗಿ ದಾಸ್ತಾನು ಪಟ್ಟಿಯನ್ನು ಕುರಿತ ಪುಟಗಳು. ಜಾಲಕ್ಕೆ ಜೋಡಿಸಿದ ಪ್ರತಿಯೊಂದು ಯಂತ್ರವನ್ನೂ ನಮೂದಿಸಲು ಜೆಪಿಎಲ್‌ನಲ್ಲಿ ಒಂದು ದತ್ತಸಂಚಯವಿತ್ತು. ಅದು ಅರೆಬರೆಯಾಗಿತ್ತು, ತಪ್ಪುಗಳಿಂದ ತುಂಬಿತ್ತು. ಹೊಸ ಯಂತ್ರಗಳನ್ನು ಅದರಲ್ಲಿ ಯಾಕೆ ನಮೂದಿಸುತ್ತಿಲ್ಲವೆಂದು ಪರಿಶೋಧಕರು ಕೇಳಿದಾಗ ಒಬ್ಬ ಸಿಸ್ಟಂ ಅಡ್ಮಿನಿಸ್ಟ್ರೇಟರ್ ಕೊಟ್ಟ ಉತ್ತರ ವರದಿಯಲ್ಲಿ ದಾಖಲಾಗಿದೆ: ಕೆಲವೊಮ್ಮೆ ನಮೂದಿಸುವ ಸೌಲಭ್ಯವೇ ಕೆಲಸ ಮಾಡುವುದಿಲ್ಲ, ಆಮೇಲೆ ಮರೆತುಹೋಗುತ್ತದೆ. ಹಲವರು ತಂತಮ್ಮ ಎಕ್ಸೆಲ್ ಹಾಳೆಗಳಲ್ಲಿ ಬೇರೆ ಲೆಕ್ಕ ಇಟ್ಟುಕೊಂಡು ಬಿಡುವಾದಾಗ ಮುಖ್ಯ ಪಟ್ಟಿಗೆ ತುಂಬುತ್ತಿದ್ದರು. ಭದ್ರತಾ ದೋಷಗಳನ್ನು ದಾಖಲಿಸಿ ತೆರೆದ ಟಿಕೆಟ್‌ಗಳಲ್ಲಿ, ಅಂದರೆ ಸರಿಪಡಿಸಬೇಕೆಂದು ಗುರುತುಮಾಡಿದ ನಮೂದುಗಳಲ್ಲಿ, ಕೆಲವು 180 ದಿನ ದಾಟಿದರೂ ಹಾಗೇ ಬಿದ್ದಿದ್ದವು. ಮಂಗಳನ ಮೇಲೆ ಒಂದು ಕಾರಿನಷ್ಟು ದೊಡ್ಡ ವಾಹನವನ್ನು ಹಗ್ಗದಲ್ಲಿ ಮೆಲ್ಲಗೆ ಇಳಿಸಿದ ಸಂಸ್ಥೆಯಲ್ಲಿಯೂ ರಿಜಿಸ್ಟರ್ ಬರೆಯುವ ಕೆಲಸ ಎಲ್ಲರಿಗೂ ಬೇಸರದ್ದೇ.

ಇದನ್ನು ಓದಿ ಹೇಳಿದಾಗ ಮಾವ ಕಾಫಿ ಲೋಟವನ್ನು ಕೆಳಗಿಟ್ಟರು. "ಎಂತದು ಮಾರಾಯ, ಅವರಲ್ಲಿ ಡೆಡ್ ಸ್ಟಾಕ್ ರಿಜಿಸ್ಟರ್ ಇರಲಿಲ್ವ?" ಎಂದು ಕೇಳಿದರು. ಅವರ ಕಾಲದಲ್ಲಿ ಕುರ್ಚಿಯ ಕಾಲಿಗೂ ಬಿಳಿ ಬಣ್ಣದಲ್ಲಿ ನಂಬರು ಬೀಳುತ್ತಿತ್ತು. ವರ್ಷಕ್ಕೊಮ್ಮೆ ಬೇರೆ ವಿಭಾಗದ ಇಬ್ಬರು ಬಂದು ಒಂದೊಂದನ್ನೂ ಮುಟ್ಟಿ ನೋಡಿ ರುಜು ಹಾಕುತ್ತಿದ್ದರು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳೂ ಸ್ಥಿರ ಆಸ್ತಿಗಳನ್ನು ವರ್ಷಕ್ಕೊಮ್ಮೆಯಾದರೂ ಭೌತಿಕವಾಗಿ ಪರಿಶೀಲಿಸಬೇಕೆನ್ನುತ್ತವೆ. ಆದರೆ ಮಾವನ ರಿಜಿಸ್ಟರು ಲೆಕ್ಕ ಇಡುತ್ತಿದ್ದದ್ದು ಬೆಲೆಯಿರುವ ವಸ್ತುವಿಗೆ. ಕೆಲವೇ ಸಾವಿರ ರೂಪಾಯಿಯ ಒಂದು ಬೋರ್ಡು ಖರೀದಿಯ ಲೆಕ್ಕದಲ್ಲಿ ಪೆನ್ನು, ಟೋನರುಗಳ ಸಾಲಿಗೆ ಸೇರಿ ಖರ್ಚಾಗಿ ಹೋಗುತ್ತದೆ. ಅದರ ಬೆಲೆಗೂ ಅದು ತೆರೆಯಬಲ್ಲ ಬಾಗಿಲಿಗೂ ಸಂಬಂಧವಿಲ್ಲ ಎಂಬುದನ್ನು ಹಳೆಯ ರಿಜಿಸ್ಟರಿನ ಯಾವ ಕಾಲಮ್ಮೂ ತೋರಿಸುವುದಿಲ್ಲ.

ನನ್ನದೇ ಅನುಭವವೊಂದನ್ನು ಇಲ್ಲಿ ಸೇರಿಸುತ್ತೇನೆ. ಅಂಧೇರಿಯ ಒಂದು ಕಚೇರಿಯ ಪರಿಶೋಧನೆಗೆ ಹೋಗಿದ್ದಾಗ, ಅವರು ಕೊಟ್ಟ ಪಟ್ಟಿಗೂ ಜಾಲದಲ್ಲಿ ಉಸಿರಾಡುತ್ತಿದ್ದ ಯಂತ್ರಗಳ ಸಂಖ್ಯೆಗೂ ಹೊಂದಿಕೆಯಾಗಲಿಲ್ಲ. ಕೇಬಲ್ಲಿನ ಬೆನ್ನುಹತ್ತಿ ಹೋದರೆ ಸ್ವಾಗತ ಕೋಣೆಯ ಟಿವಿಯ ಹಿಂದೆ ಇಂಥದೇ ಒಂದು ಬೋರ್ಡು. ಅದನ್ನು ಮಾಸ್ಕಿಂಗ್ ಟೇಪಿನಿಂದ ಅಂಟಿಸಿ, ಟೇಪಿನ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ಮರಾಠಿಯಲ್ಲಿ 'ಕಾಢೂ ನಕಾ', ತೆಗೆಯಬೇಡಿ, ಎಂದು ಬರೆದಿತ್ತು. ಬರೆದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಸಂದರ್ಶಕರಿಗೆ ಕಂಪನಿಯ ಚಿತ್ರಗಳನ್ನು ತೋರಿಸಲೆಂದು ಎಂದೋ ಬಿಟ್ಟುಹೋದ ಹುಡುಗನೊಬ್ಬ ಕೂರಿಸಿದ್ದಿರಬೇಕೆಂದು ಊಹಿಸಿದರು. ಅದರ ಪಾಸ್‌ವರ್ಡು ಅಂಗಡಿಯಿಂದ ಬಂದಾಗ ಇದ್ದದ್ದೇ. ಅದು ಕೂತಿದ್ದ ಜಾಲದಲ್ಲೇ ಸಂಬಳದ ಲೆಕ್ಕವೂ ಇತ್ತು. ಯಾರ ಕೇಡುಬುದ್ಧಿಯೂ ಅಲ್ಲಿರಲಿಲ್ಲ; ಒಬ್ಬ ಮುತುವರ್ಜಿಯ ನೌಕರ ಇದ್ದ, ಒಂದು ಖಾಲಿ ಕಾಲಮ್ ಇತ್ತು. ನನ್ನ ವರದಿಯನ್ನು ಆ ಕಚೇರಿಯವರು 'ಗೋಪ್ಯ' ಎಂಬ ಮುದ್ರೆಯೊತ್ತಿ ಕಪಾಟಿನಲ್ಲಿಟ್ಟರು. ಖಾಸಗಿ ಕಂಪನಿಯಾದ್ದರಿಂದ ಅದು ಅವರ ಹಕ್ಕು.

ಡಂಗುರ ಸಾರಬೇಕಿತ್ತೇ

ತಕರಾರು ಶುರುವಾಗುವುದು ಇಲ್ಲಿಂದ. ಮಾವನ ವಾದ ನೇರವಾದದ್ದು. "ಬೀಗ ಕೆಟ್ಟಿದೆ ಅಂತ ತಾವೇ ಊರಿಗೆಲ್ಲ ಡಂಗುರ ಹೊಡೆದ ಹಾಗಾಯ್ತಲ್ಲ! ಕಳ್ಳನಿಗೆ ಅಷ್ಟೇ ಸಾಕು." ದೇಶದ ಗುಟ್ಟಿನ ಕೆಲಸ ನಡೆಯುವ ಜಾಗದಲ್ಲಿ 31 ವರ್ಷ ಬಾಯಿ ಕಟ್ಟಿಕೊಂಡು ದುಡಿದವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅವರ ಪಕ್ಷಕ್ಕೆ ಬಲ ಕೊಡುವ ಸಂಗತಿಗಳೂ ಇವೆ. ನಾಸಾದ ಆಗಿನ ಇನ್‌ಸ್ಪೆಕ್ಟರ್ ಜನರಲ್ ಪಾಲ್ ಮಾರ್ಟಿನ್ 2012ರಲ್ಲೇ ಅಮೆರಿಕದ ಸಂಸತ್ತಿನ ಉಪಸಮಿತಿಯ ಮುಂದೆ, 2010 ಮತ್ತು 2011ರಲ್ಲಿ ಒಟ್ಟು 5,408 ಭದ್ರತಾ ಘಟನೆಗಳಾದವೆಂದೂ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ನಿಯಂತ್ರಣಕ್ಕೆ ಬಳಸುವ ಅಲ್ಗಾರಿದಮ್‌ಗಳಿದ್ದ, ಗೂಢಲಿಪಿಗೆ ಇಳಿಸದ ಲ್ಯಾಪ್‌ಟಾಪ್ 2011ರ ಮಾರ್ಚ್‌ನಲ್ಲಿ ಕಳುವಾಯಿತೆಂದೂ ಬಹಿರಂಗವಾಗಿ ಹೇಳಿದ್ದರು. 2011ರಲ್ಲಿಯೂ ಜೆಪಿಎಲ್‌ನ 18 ಸರ್ವರ್‌ಗಳಿಂದ 87 ಗಿಗಾಬೈಟ್ ಮಾಹಿತಿ ಹೋಗಿತ್ತು. "ಅಷ್ಟೆಲ್ಲ ಹೇಳಿಯೂ 2018ರಲ್ಲಿ ಮತ್ತೆ ಹೊಕ್ಕರಲ್ಲ, ಹೇಳಿದ್ದರಿಂದ ಬಂದ ಲಾಭ ಎಂತ?" ಎಂದು ಮಾವ ಕೇಳಿದಾಗ ನನ್ನಲ್ಲಿ ತಕ್ಷಣಕ್ಕೆ ಉತ್ತರವಿರಲಿಲ್ಲ. ಪೂರ್ತಿ ಉತ್ತರ ಈಗಲೂ ಇಲ್ಲ.

ಆದರೆ ವರದಿಯನ್ನು ಇನ್ನೊಮ್ಮೆ, ಕಳ್ಳನ ಕಣ್ಣಿನಿಂದ ಓದಿ ನೋಡಿದೆ. ನಾನಾಗಿದ್ದರೆ ಅದರಿಂದ ಏನು ಗಿಟ್ಟುತ್ತಿತ್ತು? ಯಾವ ಸರ್ವರಿನ ವಿಳಾಸವೂ ಅದರಲ್ಲಿಲ್ಲ. ಪಟ್ಟಿ ಅರೆಬರೆಯಾಗಿದೆ ಎಂಬುದಿದೆ, ಪಟ್ಟಿ ಇಲ್ಲ. ಟಿಕೆಟ್‌ಗಳು ಹಳಸಿವೆ ಎಂಬುದಿದೆ. ಯಾವ ಯಂತ್ರದ್ದು ಎಂಬುದಿಲ್ಲ. 10 ತಿಂಗಳು ಒಳಗೇ ಇದ್ದವನಿಗೆ ಇವೆಲ್ಲ ಮೊದಲೇ ಗೊತ್ತಿದ್ದವು. ಗೊತ್ತಿರದೆ ಇದ್ದದ್ದು ತೆರಿಗೆ ಕಟ್ಟುವವರಿಗೆ, ಸಂಸತ್ತಿಗೆ ಮತ್ತು ಅದೇ ಜಾಲವನ್ನು ನಂಬಿದ್ದ ಜಾನ್ಸನ್ ಕೇಂದ್ರದಂಥ ನೆರೆಯವರಿಗೆ. ಮೇಲಾಗಿ, ಏಪ್ರಿಲ್‌ನಲ್ಲಿ ಪತ್ತೆಯಾದದ್ದು ಹೊರಬಂದದ್ದು ಮುಂದಿನ ವರ್ಷದ ಜೂನ್‌ನಲ್ಲಿ. ಆ 14 ತಿಂಗಳ ಮೌನವನ್ನು ನಾನು ಆಕ್ಷೇಪಿಸುವುದಿಲ್ಲ. ಬಾಗಿಲು ಸರಿಪಡಿಸುತ್ತಿರುವಾಗ ಬಾಯಿ ಬಿಡಬಾರದು. ಕೊನೆಗೆ ಬಾಯಿ ಬಿಟ್ಟವರು ಸಂಸ್ಥೆಯ ಮುಖ್ಯಸ್ಥರಲ್ಲ, 1978ರ ಕಾನೂನಿನ ಬಲದಿಂದ ಕೆಲಸ ಮಾಡುವ ಪರಿಶೋಧಕರು ಎಂಬುದನ್ನೂ ಮರೆಯಬಾರದು. ಅವರು ಮಾಡಿದ 10 ಶಿಫಾರಸುಗಳಲ್ಲಿ ಒಂಬತ್ತನ್ನು ನಾಸಾ ಒಪ್ಪಿತು. ಜಾಲದೊಳಗೆ ಅವಿತಿರಬಹುದಾದವರನ್ನು ಕ್ರಮಬದ್ಧವಾಗಿ ಹುಡುಕುವ ವಿಧಾನವೊಂದನ್ನು ಲಿಖಿತವಾಗಿ ರೂಪಿಸಬೇಕೆಂಬುದನ್ನು ಮಾತ್ರ ಒಪ್ಪಲಿಲ್ಲ. ಆ ನಿರಾಕರಣೆಯೂ ವರದಿಯಲ್ಲೇ ಅಚ್ಚಾಗಿದೆ. ಮುಂದೊಮ್ಮೆ ಇಂಥದೇ ಆದರೆ, ಯಾರು ಯಾವುದಕ್ಕೆ ಬೇಡವೆಂದಿದ್ದರು ಎಂಬುದು ದಾಖಲೆಯಲ್ಲಿರುತ್ತದೆ. 2012ರ ಹೇಳಿಕೆಯಿಂದ ಬಂದ ಲಾಭವೇನೆಂಬ ಮಾವನ ಪ್ರಶ್ನೆಗೆ ನನ್ನ ಅರ್ಧ ಉತ್ತರ ಇದೇ: ಅದು ಅಚ್ಚಾಗಿ ಉಳಿದಿದ್ದರಿಂದಲೇ 2018ರ ನುಸುಳಿಕೆಯನ್ನು ಯಾರೂ ಮೊದಲ ಬಾರಿ ಆದದ್ದೆಂದು ಹೇಳುವಂತಿರಲಿಲ್ಲ.

ಇನ್ನೊಂದು ತುದಿಯ ವಾದವೂ ಇದೆ, ಅದು ನನಗೆ ಸ್ವಲ್ಪವೂ ರುಚಿಸುವುದಿಲ್ಲ. ಸರ್ಕಾರ ಮುಚ್ಚಿಡುತ್ತದಾದ್ದರಿಂದ ಒಳನುಗ್ಗಿ ನೋಡುವುದೇ ಜನರ ಹಕ್ಕು ಎನ್ನುವವರು ಬ್ರಿಟನ್ನಿನ ಗ್ಯಾರಿ ಮೆಕಿನ್ನನ್ ಹೆಸರನ್ನು ತೆಗೆಯುತ್ತಾರೆ. 2001 ಮತ್ತು 2002ರಲ್ಲಿ ಈತ ಅಮೆರಿಕದ ಸೇನೆಯ ಹಾಗೂ ನಾಸಾದ 97 ಕಂಪ್ಯೂಟರುಗಳಿಗೆ ನುಗ್ಗಿದ ಆರೋಪ ಹೊತ್ತಿದ್ದ. ಹಾರುವ ತಟ್ಟೆಗಳ ಬಗ್ಗೆ ಬಚ್ಚಿಟ್ಟ ಸಾಕ್ಷ್ಯಗಳನ್ನು ಹುಡುಕುತ್ತಿದ್ದೆ ಎಂದು ಹೇಳಿಕೊಂಡ. ಅವನನ್ನು ಅಮೆರಿಕಕ್ಕೆ ಒಪ್ಪಿಸಲು 2012ರ ಅಕ್ಟೋಬರಿನಲ್ಲಿ ಬ್ರಿಟನ್ ನಿರಾಕರಿಸಿತು. ಕದ್ದು ನೋಡಿದ ಅವನಿಂದ ಜಗತ್ತಿಗೆ ತಿಳಿದದ್ದು, ಅನೇಕ ಯಂತ್ರಗಳಿಗೆ ಪಾಸ್‌ವರ್ಡೇ ಇರಲಿಲ್ಲವೆಂಬುದಷ್ಟೇ. ಅದನ್ನು ಹೇಳಲು ಒಬ್ಬ ಪ್ರಾಮಾಣಿಕ ಪರಿಶೋಧಕ ಸಾಕಿತ್ತು.

ಮುಂಬಯಿಯಿಂದ ಹೊರಟ ಒಂದು ಹೇಳಿಕೆ

ಜೆಪಿಎಲ್ ವರದಿ ಬಂದ ವರ್ಷವೇ ನಮ್ಮಲ್ಲೂ ಇಂಥದೊಂದು ನಡೆಯಿತು. ತಮಿಳುನಾಡಿನ ಕೂಡಂಕುಳಂ ಪರಮಾಣು ವಿದ್ಯುತ್ ಸ್ಥಾವರದ ಜಾಲಕ್ಕೆ ಡಿಟ್ರ್ಯಾಕ್ ಎಂಬ ಕುತಂತ್ರಾಂಶ ಹೊಕ್ಕಿದೆಯೆಂಬ ಸುದ್ದಿ 2019ರ ಅಕ್ಟೋಬರ್ ಕೊನೆಯಲ್ಲಿ ಹಬ್ಬಿತು. ಅಕ್ಟೋಬರ್ 29ರಂದು ಸ್ಥಾವರದವರು, ಇದು ಸುಳ್ಳು ಸುದ್ದಿ, ನಿಯಂತ್ರಣ ವ್ಯವಸ್ಥೆ ಹೊರಗಿನ ಜಾಲಕ್ಕೆ ಜೋಡಣೆಯೇ ಆಗಿಲ್ಲವಾದ್ದರಿಂದ ದಾಳಿ ಸಾಧ್ಯವೇ ಇಲ್ಲ ಎಂದರು. ಮರುದಿನವೇ ಭಾರತೀಯ ಪರಮಾಣು ವಿದ್ಯುತ್ ನಿಗಮವು ಮುಂಬಯಿಯ ಅಣುಶಕ್ತಿನಗರದ ತನ್ನ ಕೇಂದ್ರ ಕಚೇರಿಯಿಂದ, ಮಾವನ ಬಾಲ್ಕನಿಯಿಂದ ಹೆಚ್ಚು ದೂರವಿಲ್ಲದ ಜಾಗದಿಂದ, ಕುತಂತ್ರಾಂಶ ಪತ್ತೆಯಾದದ್ದು ನಿಜವೆಂದು ಒಪ್ಪಿತು. ದೇಶದ ಕಂಪ್ಯೂಟರ್ ಭದ್ರತಾ ಘಟನೆಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸರ್ಟ್-ಇನ್ ಸೆಪ್ಟೆಂಬರ್ 4ರಂದೇ ತನಗೆ ತಿಳಿಸಿತ್ತೆಂದೂ, ಸೋಂಕು ತಗುಲಿದ್ದು ಆಡಳಿತದ ಕೆಲಸಕ್ಕೆ ಬಳಸುವ, ಇಂಟರ್ನೆಟ್ ಇದ್ದ ಜಾಲದ ಒಂದು ಕಂಪ್ಯೂಟರಿಗೆಂದೂ, ಸ್ಥಾವರದ ಒಳಜಾಲ ಅದರಿಂದ ಬೇರೆಯೇ ಇದೆಯೆಂದೂ ತಿಳಿಸಿತು.

ಸೆಪ್ಟೆಂಬರ್ 4ರಿಂದ ಅಕ್ಟೋಬರ್ 30ರವರೆಗಿನ 56 ದಿನಗಳ ಮೌನವನ್ನೂ ನಾನು ಜೆಪಿಎಲ್‌ನ ಮೌನದಂತೆಯೇ ಒಪ್ಪಬಲ್ಲೆ. ಒಪ್ಪಲಾಗದ್ದು ನಡುವಿನ ಆ ಒಂದು ದಿನ. ಮೊದಲ ದಿನದ ಹೇಳಿಕೆ ನಿಯಂತ್ರಣ ವ್ಯವಸ್ಥೆಯ ಮಟ್ಟಿಗೆ ನಿಜವೇ ಇದ್ದಿರಬಹುದು. ಆದರೆ ಕೇಳಿದ ಪ್ರಶ್ನೆ ಒಂದು, ಉತ್ತರ ಕೊಟ್ಟದ್ದು ಇನ್ನೊಂದಕ್ಕೆ. ಅದರ ಬಡ್ಡಿಯನ್ನು ತೆತ್ತದ್ದು ಇಸ್ರೋ. ಅದೇ ಸೆಪ್ಟೆಂಬರಿನಲ್ಲಿ ಇಸ್ರೋಗೂ ಎಚ್ಚರಿಕೆ ಹೋಗಿತ್ತೆಂದು ನವೆಂಬರಿನಲ್ಲಿ ಪತ್ರಿಕೆಗಳು ಬರೆದವು. ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ಸಂಪರ್ಕ ಕಳೆದುಕೊಂಡಿತ್ತು. ಎರಡು ದಿನಾಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ವಾಟ್ಸಾಪ್ ತನ್ನದೇ ತನಿಖೆಯನ್ನು ಮುಗಿಸಿಬಿಟ್ಟಿತು. ಇಳಿಯುವ ಎರಡನೆಯ ಹಂತದಲ್ಲಿ ವೇಗ ಕುಗ್ಗಿದ ಪ್ರಮಾಣವು ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚಾಗಿ, ನಿಗದಿತ ತಾಣದಿಂದ 500 ಮೀಟರಿನೊಳಗೆ ನೌಕೆ ಬಡಿದು ಬಿತ್ತೆಂದು ಸರ್ಕಾರ ಲೋಕಸಭೆಗೆ ತಿಳಿಸಿದ್ದು ನವೆಂಬರ್ ಮೂರನೆಯ ವಾರದಲ್ಲಿ. ಅಷ್ಟು ಹೊತ್ತಿಗೆ ನಮ್ಮ ಹೌಸಿಂಗ್ ಸೊಸೈಟಿಯ ವಾಚ್‌ಮನ್‌ಗೂ 'ಹ್ಯಾಕ್ ಮಾಡಿದರಂತೆ' ಎಂಬುದು ಖಚಿತವಾಗಿತ್ತು. ವಿಕ್ರಮ್‌ನ ಅವಶೇಷದ ಗುರುತನ್ನು ಸಾರ್ವಜನಿಕರ ಕಣ್ಣಿಗೆ ತಂದದ್ದು ಡಿಸೆಂಬರಿನಲ್ಲಿ. ನಾಸಾ ಎಲ್ಲರಿಗೂ ಬಿಟ್ಟುಕೊಟ್ಟ ಚಂದ್ರನ ಚಿತ್ರಗಳನ್ನು ಚೆನ್ನೈಯ ಎಂಜಿನಿಯರ್ ಷಣ್ಮುಗ ಸುಬ್ರಮಣಿಯನ್ ಮನೆಯಲ್ಲೇ ಕೂತು ಹೋಲಿಸಿ ನೋಡಿದ ಮೇಲೆ. ಮುಕ್ತವಾಗಿಟ್ಟ ಮಾಹಿತಿಯ ಈ ಗುಣವನ್ನು ಮಾವನೂ ಒಪ್ಪುತ್ತಾರೆ. "ಚಿತ್ರ ಬೇರೆ, ಬೀಗ ಬೇರೆ" ಎಂಬ ಒಂದು ಷರಾ ಮಾತ್ರ ಸೇರಿಸುತ್ತಾರೆ.

ನಮ್ಮ ಕಾನೂನಿನಲ್ಲಿ ಚಿತ್ರ ಮತ್ತು ಬೀಗವನ್ನು ಬಿಡಿಸಿ ನೋಡಲು ಅವಕಾಶವಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 8(1)(ಎ) ಪ್ರಕಾರ ದೇಶದ ಭದ್ರತೆಗೆ, ವೈಜ್ಞಾನಿಕ ಹಿತಕ್ಕೆ ಧಕ್ಕೆ ತರುವ ಮಾಹಿತಿಯನ್ನು ಕೊಡಬೇಕಿಲ್ಲ. ಆದರೆ ಸಾರ್ವಜನಿಕ ಹಿತವೇ ಹೆಚ್ಚಿನದಾದರೆ ಕೊಡಬಹುದೆಂದು 8(2) ಹೇಳುತ್ತದೆ. ಕೊಡಬಾರದ ಭಾಗವನ್ನು ತೆಗೆದು ಉಳಿದದ್ದನ್ನು ಕೊಡಬೇಕೆಂದು 10ನೆಯ ಕಲಮು ಹೇಳುತ್ತದೆ. ಡಿಆರ್‌ಡಿಒದಂಥ, ಕಾಯ್ದೆಯಿಂದ ಇಡಿಯಾಗಿ ಹೊರಗಿಟ್ಟ ಸಂಸ್ಥೆಗಳ ಪಟ್ಟಿಯಲ್ಲಿ ಇಸ್ರೋ ಇಲ್ಲ. ಆ ಪಟ್ಟಿಗೆ 2023ರ ನವೆಂಬರಿನಲ್ಲಿ ಸೇರಿದ್ದು ಸರ್ಟ್-ಇನ್. ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳನ್ನು ಬಿಟ್ಟರೆ ಅದರಿಂದ ಈಗ ಏನನ್ನೂ ಕೇಳುವಂತಿಲ್ಲ. ಭದ್ರತಾ ಘಟನೆಯನ್ನು ಆರು ಗಂಟೆಯೊಳಗೆ ತನಗೆ ತಿಳಿಸಬೇಕೆಂದು 2022ರ ಏಪ್ರಿಲ್‌ನಲ್ಲಿ ಕಂಪನಿಗಳಿಗೂ ಸರ್ಕಾರಿ ಸಂಸ್ಥೆಗಳಿಗೂ ಆದೇಶಿಸಿದ ಸಂಸ್ಥೆಯೂ ಇದೇ. ದೇಶದ ಎಲ್ಲ ದೂರುಗಳೂ ಬಂದು ಸೇರುವ ಮನೆಯ ಕಿಟಕಿಗೇ ಹಲಗೆ ಬಡಿದದ್ದು ನನಗೆ ಸರಿಕಾಣದು. ಘಟನೆಯ ವಿವರ ಬೇಡ, ವರ್ಷದ ಲೆಕ್ಕವಾದರೂ ಕೇಳಿದವರಿಗೆ ಸಿಗಬೇಕು.

ಬರಿಯ ಲೆಕ್ಕವೂ ಸಾಲದು, ಎಂಥ ಲೆಕ್ಕ ಎಂಬುದೂ ಮುಖ್ಯ. ಇಸ್ರೋದ ಆಗಿನ ಅಧ್ಯಕ್ಷ ಎಸ್. ಸೋಮನಾಥ್ 2023ರ ಅಕ್ಟೋಬರಿನಲ್ಲಿ ಕೊಚ್ಚಿಯ ಸೈಬರ್ ಸಮ್ಮೇಳನದಲ್ಲಿ, ತಮ್ಮ ಸಂಸ್ಥೆಯ ಮೇಲೆ ದಿನಕ್ಕೆ 100ಕ್ಕೂ ಹೆಚ್ಚು ದಾಳಿಗಳಾಗುತ್ತವೆಂದರು. ಪತ್ರಿಕೆಗಳು ಅದನ್ನು ದಪ್ಪಕ್ಷರದಲ್ಲಿ ಹಾಕಿದವು. ಅದು ಬಾಗಿಲು ತಟ್ಟಿದವರ ಸಂಖ್ಯೆ. ಎಷ್ಟು ಮಂದಿ ಹೊಸ್ತಿಲು ದಾಟಿದರು, ದಾಟಿದವರನ್ನು ಕಾಣಲು ಎಷ್ಟು ದಿನ ಹಿಡಿಯಿತು ಎಂಬುದು ಅದರಿಂದ ತಿಳಿಯದು. ಜೆಪಿಎಲ್ ಪ್ರಕರಣದಲ್ಲಿ ಬಹಿರಂಗವಾದದ್ದು ಈ ಎರಡನೆಯ ಬಗೆಯ ಲೆಕ್ಕ.

ಹೋದ ತಿಂಗಳ ಭಾನುವಾರವೊಂದರಲ್ಲಿ ನಾವಿಬ್ಬರೂ ಬೆಂಗಳೂರಿನ ಅಂತರಿಕ್ಷ ಭವನದಲ್ಲಿರುವ ಬಾಹ್ಯಾಕಾಶ ಇಲಾಖೆಗೆ ಒಂದು ಅರ್ಜಿ ಬರೆಯಲು ಕೂತೆವು. ನನ್ನ ಕರಡಿನಲ್ಲಿ ಮೂರು ಪ್ರಶ್ನೆಗಳಿದ್ದವು: 2019ರಿಂದ ಈಚೆಗೆ ವರ್ಷವರ್ಷ ದಾಖಲಾದ ಭದ್ರತಾ ಘಟನೆಗಳೆಷ್ಟು, ಅವುಗಳಲ್ಲಿ 180 ದಿನ ದಾಟಿಯೂ ಮುಗಿಯದೆ ಉಳಿದವು ಯಾವ ಯಾವ ವ್ಯವಸ್ಥೆಗಳಿಗೆ ಸೇರಿದವು, ಜಾಲಕ್ಕೆ ಜೋಡಿಸಿದ ಯಂತ್ರಗಳ ಪಟ್ಟಿಯನ್ನು ಹೊರಗಿನವರು ಕೊನೆಯದಾಗಿ ಪರಿಶೀಲಿಸಿದ ದಿನಾಂಕ ಯಾವುದು. ಮಾವ ಕನ್ನಡಕ ಏರಿಸಿ ಎರಡನೆಯದನ್ನು ಓದಿ, 'ಯಾವ ಯಾವ ವ್ಯವಸ್ಥೆಗಳಿಗೆ ಸೇರಿದವು' ಎಂಬುದರ ಮೇಲೆ ಕೆಂಪು ಗೆರೆ ಎಳೆದು 'ಎಷ್ಟು' ಎಂದು ಬರೆದರು. "ಇದು ಬೀಗ, ಇದನ್ನು ಕೇಳಬಾರದು. ಉಳಿದದ್ದು ರಿಜಿಸ್ಟರು, ಕೇಳು, ಅದು ನಿನ್ನ ಹಕ್ಕು" ಎಂದರು. ಅವರು ತಿದ್ದಿದ್ದು ಸರಿಯಾಗಿತ್ತು. ಮೂರನೆಯದಕ್ಕೆ ತಾವೇ ಒಂದು ಸಾಲು ಸೇರಿಸಿದರು: ಪರಿಶೀಲನೆಯಲ್ಲಿ ಲೆಕ್ಕಕ್ಕೆ ಸಿಗದ ಯಂತ್ರಗಳು ಕಂಡುಬಂದಿದ್ದರೆ ಅವುಗಳ ಸಂಖ್ಯೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಸೋಮವಾರ ಸ್ಪೀಡ್‌ಪೋಸ್ಟ್ ಮಾಡಿ ಬಂದೆ. ರಸೀದಿಯನ್ನೂ ಜೆರಾಕ್ಸ್ ಪ್ರತಿಯನ್ನೂ ಮಾವನಿಗೆ ಕೊಟ್ಟಾಗ, ಅವರು ಪ್ರತಿಯ ಮೂಲೆಯಲ್ಲಿ ಒಂದು ನಂಬರು ಬರೆದು, ತಮ್ಮ ಹಳೆಯ ರಟ್ಟಿನ ರಿಜಿಸ್ಟರಿನಲ್ಲಿ ದಿನಾಂಕದೊಡನೆ ಅದನ್ನು ನಮೂದಿಸಿಕೊಂಡ ಮೇಲೆಯೇ ಕಾಫಿಗೆ ಹೇಳಿದರು.